ಹತ್ತು ನಿಮಿಷಕ್ಕೊಂದು ಚುಕ್ಕಿ

ಕಪ್ಪು ಪರದೆಯ ಮೇಲೆ ಬಿಳಿಯ ನಕ್ಷತ್ರ ಚಿಹ್ನೆಗಳ ಒಂದು ಗೆರೆ. ಎಡತುದಿಯಲ್ಲಿ ಮಧ್ಯರಾತ್ರಿ, ಬಲತುದಿಯಲ್ಲಿ ಮರುದಿನದ ಮಧ್ಯರಾತ್ರಿ. ಎಡದಿಂದ ಹೊರಟ ಗೆರೆ ನೆಲಕ್ಕೆ ಮೈ ತಾಗಿಸಿಕೊಂಡೇ ಸಾಗುತ್ತದೆ. ಎರಡು ಗಂಟೆಯ ಗುರುತಿಗೆ ಬಂದದ್ದೇ ತಡ, ಥಟ್ಟನೆ ಎದ್ದು ನಿಲ್ಲುತ್ತದೆ. ಮುಕ್ಕಾಲು ಗಂಟೆ ಹಾಗೇ ನಿಂತಿದ್ದು, ಎದ್ದಷ್ಟೇ ಬೇಗ ಇಳಿಯುತ್ತದೆ. ಆಮೇಲೆ ಬೆಳಗಿನವರೆಗೆ ಅಲುಗಾಟವಿಲ್ಲ. ಒಂಬತ್ತೂವರೆಗೆ ಏರು ಶುರುವಾಗಿ ಹನ್ನೊಂದರ ಹೊತ್ತಿಗೆ ಗುಡ್ಡವಾಗುತ್ತದೆ. ಒಂದೂವರೆಗೆ ಒಂದು ತಗ್ಗು, ಮೂರಕ್ಕೆ ಮತ್ತೊಂದು ಗುಡ್ಡ. ಸಂಜೆ ಆರೂವರೆಯ ನಂತರ ಇಳಿಜಾರು. ಎಂಟಕ್ಕೆಲ್ಲ ಗೆರೆ ಮತ್ತೆ ನೆಲ ಸೇರಿರುತ್ತದೆ.

ಇದು ಬೆಂಗಳೂರಿನ ಒಂದು ಸಾಧಾರಣ ಕಚೇರಿಯ ಸರ್ವರ್ ಕಳೆದ ಒಂದು ಸಾಧಾರಣ ದಿನ. ಎರಡು ಗಂಟೆಯ ಗೋಡೆಯಂಥ ಏರು ರಾತ್ರಿಯ ಬ್ಯಾಕಪ್‌ನದು. ಒಂಬತ್ತೂವರೆಗೆ ಜನ ಬಂದು ಕಂಪ್ಯೂಟರ್ ತೆರೆದಿದ್ದಾರೆ. ಒಂದೂವರೆಯ ತಗ್ಗಿನಲ್ಲಿ ಊಟದ ಡಬ್ಬಿಗಳು ತೆರೆದಿವೆ. ಆರೂವರೆಗೆ ಬ್ಯಾಗುಗಳು ಹೆಗಲೇರಿವೆ. ಹಾಜರಿ ಪುಸ್ತಕ ನೋಡದೆಯೇ, ಯಾರನ್ನೂ ಕೇಳದೆಯೇ, ಕಚೇರಿಯ ಉಸಿರಾಟವೆಲ್ಲ ಆ ಗೆರೆಯಲ್ಲಿ ಕಾಣುತ್ತದೆ. ಚಿತ್ರಕ್ಕೆ ಬಣ್ಣ ಬೇಕಾಗಿಲ್ಲ, ಮೌಸ್ ಬೇಕಾಗಿಲ್ಲ. ಕೀಲಿಮಣೆಯಲ್ಲಿ ಆದೇಶದ ಒಂದು ಸಾಲು ಬರೆದು ಎಂಟರ್ ಒತ್ತಿದ್ದಷ್ಟೇ.

ಕೋಣೆಯೊಳಗೆ ಕಾಣದ್ದು

ಸರ್ವರ್ ಕೋಣೆಗೆ ಹೋದವರಿಗೆ ಮೊದಲು ಎದುರಾಗುವುದು ಸದ್ದು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ನೂರಾರು ಫ್ಯಾನುಗಳ ಏಕನಾದ ಕಿವಿ ತುಂಬುತ್ತದೆ. ತೂತುಗಳಿರುವ ನೆಲದ ಹಾಸುಗಳಿಂದ ತಣ್ಣನೆ ಗಾಳಿ ಮೇಲೆ ನುಗ್ಗಿ ಅಂಗಾಲು ಕೊರೆಯುತ್ತದೆ. ಆಳೆತ್ತರದ ರ‍್ಯಾಕ್‌ಗಳಲ್ಲಿ ಯಂತ್ರದ ಮೇಲೆ ಯಂತ್ರ. ಹಿಂಬದಿಗೆ ನೀಲಿ, ಹಳದಿ, ಕೆಂಪು ಕೇಬಲ್ಲುಗಳ ಜಡೆ. ಒಂದೊಂದಕ್ಕೂ ಒಂದು ಚೀಟಿ. ಮುಂಬದಿಗೆ ಹಸಿರು ದೀಪಗಳು ಸೆಕೆಂಡಿಗೆ ಹತ್ತಾರು ಸಲ ಮಿನುಗುತ್ತವೆ.

ಎಷ್ಟು ಹೊತ್ತು ನಿಂತು ನೋಡಿದರೂ ಒಂದು ಸಂಗತಿ ತಿಳಿಯುವುದಿಲ್ಲ: ಇವುಗಳಲ್ಲಿ ಯಾವುದು ಸುಖವಾಗಿದೆ, ಯಾವುದು ಏದುಸಿರು ಬಿಡುತ್ತಿದೆ? ಬಿಡುವಾಗಿರುವ ಯಂತ್ರಕ್ಕೂ ಹಸಿರು ದೀಪ, ದಣಿದ ಯಂತ್ರಕ್ಕೂ ಹಸಿರು ದೀಪ. ಕೈಯಿಟ್ಟು ನೋಡಿದರೆ ಎರಡೂ ಬೆಚ್ಚಗೆ.

ಆದರೆ ಲಿನಕ್ಸ್ ನಡೆಸುವ ಯಂತ್ರ ತನ್ನ ಕಷ್ಟಸುಖವನ್ನು ಮುಚ್ಚಿಡುವುದಿಲ್ಲ. ಅದರ ತಿರುಳಾದ ಕರ್ನಲ್ ಒಳಗಿನ ಲೆಕ್ಕವನ್ನೆಲ್ಲ ‘ಪ್ರಾಕ್’ ಎಂಬ ಡೈರೆಕ್ಟರಿಯಲ್ಲಿ ಕಡತಗಳ ರೂಪದಲ್ಲಿ ತೆರೆದಿಟ್ಟಿರುತ್ತದೆ. ಈ ಕಡತಗಳು ಡಿಸ್ಕ್‌ನಲ್ಲಿ ಇರುವಂಥವಲ್ಲ. ಯಾರಾದರೂ ಓದಲು ಬಂದಾಗ ಆ ಕ್ಷಣದಲ್ಲಿ ಹುಟ್ಟಿ ಉತ್ತರ ಕೊಡುವಂಥವು. ಪ್ರೊಸೆಸರ್ ಬಳಕೆದಾರರ ಕೆಲಸಕ್ಕೆ ಎಷ್ಟು ಹೊತ್ತು ದುಡಿಯಿತು, ಕರ್ನಲ್‌ನ ಕೆಲಸಕ್ಕೆ ಎಷ್ಟು ಹೊತ್ತು, ಡಿಸ್ಕ್‌ಗಾಗಿ ಕಾಯುತ್ತ ಎಷ್ಟು ಹೊತ್ತು ಕೂತಿತ್ತು, ಸುಮ್ಮನೆ ಎಷ್ಟು ಹೊತ್ತು ಇತ್ತು, ಎಲ್ಲವೂ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅಲ್ಲಿರುತ್ತದೆ. ಯಂತ್ರ ಶುರುವಾದಾಗಿನಿಂದ ಆ ಅಂಕಿಗಳು ಏರುತ್ತಲೇ ಹೋಗುತ್ತವೆ. ಆಟೋದ ಮೀಟರಿನ ಕಿಲೋಮೀಟರ್ ಲೆಕ್ಕದಂತೆ ಹಿಂದಕ್ಕೆ ತಿರುಗುವ ಮಾತೇ ಇಲ್ಲ.

ಅವನ್ನು ಹೊತ್ತುಹೊತ್ತಿಗೆ ಬರೆದಿಡುವುದು ‘ಸಿಸ್‌ಸ್ಟ್ಯಾಟ್’ ಎಂಬ ತಂತ್ರಾಂಶ ಕಟ್ಟಿನ ಕೆಲಸ. ಲಿನಕ್ಸ್‌ಗೆ ಇದನ್ನು ಬರೆದುಕೊಟ್ಟು, ವರ್ಷಗಟ್ಟಲೆ ಜತನದಿಂದ ಕಾಪಾಡಿಕೊಂಡು ಬಂದವರು ಫ್ರಾನ್ಸಿನ ಸೆಬಾಸ್ಟಿಯನ್ ಗೋಡಾರ್. ಅದರೊಳಗಿನ ಮುಖ್ಯ ಆದೇಶ ‘ಸಾರ್’. ಎಟಿ ಅಂಡ್ ಟಿ ಕಂಪನಿಯ ಯುನಿಕ್ಸ್ ಸಿಸ್ಟಂ ಫೈವ್ ಕಾಲದಿಂದಲೂ ಯಂತ್ರ ನೋಡಿಕೊಳ್ಳುವವರ ಕೈಯಲ್ಲಿ ಇದ್ದ ಹೆಸರು. ಸಾರ್‌ನ ಬೆನ್ನಿಗೆ ‘ಎಸ್‌ಎಡಿಸಿ’ ಎಂಬ ಇನ್ನೊಂದು ಪುಟ್ಟ ಪ್ರೋಗ್ರಾಂ ಇದೆ. ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಅದು ಎಚ್ಚರಗೊಂಡು ಪ್ರಾಕ್‌ನ ಅಂಕಿಗಳನ್ನು ಓದಿ, ಆ ದಿನದ ಕಡತದ ಕೊನೆಗೆ ಸೇರಿಸಿ, ಮತ್ತೆ ಕಣ್ಣು ಮುಚ್ಚುತ್ತದೆ. ಗಂಟೆಗೆ ಆರು ಸಲ, ದಿನಕ್ಕೆ 144 ಸಲ. ತಿಂಗಳಿನ 15ನೇ ತಾರೀಖಿನ ಕಡತದ ಹೆಸರಿನ ಕೊನೆಗೆ 15 ಎಂದೇ ಇರುತ್ತದೆ. ಈ ಕೆಲಸಕ್ಕೆ ತಗಲುವ ಹೊತ್ತು, ತುಂಬುವ ಜಾಗ ಎರಡೂ ಯಂತ್ರಕ್ಕೆ ಗೊತ್ತೇ ಆಗದಷ್ಟು ಕಡಿಮೆ.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಮನೆಗಳಲ್ಲಿ ಮಳೆಮಾಪಕದ ನೀರನ್ನು ದಿನಾ ಬೆಳಿಗ್ಗೆ ಅಳೆದು, ಇಂಚು-ಸೆಂಟುಗಳ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದಿಡುವ ರೂಢಿಯಿದೆ. ಬರೆದ ದಿನ ಆ ಅಂಕಿಯಿಂದ ಏನೂ ಆಗಬೇಕಾಗಿರುವುದಿಲ್ಲ. ಹೂಮಳೆ ತಡವಾದ ವರ್ಷ ಹಳೆಯ ಪುಸ್ತಕಗಳು ಅಟ್ಟದಿಂದ ಇಳಿಯುತ್ತವೆ. ಹೀಗೆ ಹಿಂದೆ ಯಾವಾಗ ಆಗಿತ್ತು, ಆ ವರ್ಷ ಫಸಲು ಏನಾಯಿತು ಎಂದು ಬೆರಳು ಸಾಲಿನ ಮೇಲೆ ಓಡುತ್ತದೆ. ಸಾರ್‌ನ ಕಡತಗಳೂ ಅಂಥವೇ. ಬೇಕಾಗುವ ದಿನ ಬಂದಾಗ ಅವು ಅಲ್ಲಿ ಇರಬೇಕು, ಅಷ್ಟೆ.

ಅಂಕಿಗಳ ಕಾಡು

ಆದೇಶದ ಸಾಲಿನಲ್ಲಿ ಸಾರ್ ಎಂದು ಬರೆದು, ಹೈಫನ್ ಹಾಕಿ ‘ಯು’ ಅಕ್ಷರ ಸೇರಿಸಿದರೆ ಆ ದಿನದ ಪ್ರೊಸೆಸರ್ ಲೆಕ್ಕ ಪರದೆಗೆ ಬರುತ್ತದೆ. ಎಡಕ್ಕೆ ಗಂಟೆ, ನಂತರ ಶೇಕಡಾವಾರು ಆರು ಕಂಬಸಾಲುಗಳು: ಬಳಕೆದಾರರ ಕೆಲಸ, ಕಡಿಮೆ ಆದ್ಯತೆಯ ಕೆಲಸ, ಕರ್ನಲ್‌ನ ಕೆಲಸ, ಡಿಸ್ಕ್‌ಗಾಗಿ ಕಾದದ್ದು, ಪಕ್ಕದ ವರ್ಚುವಲ್ ಯಂತ್ರಗಳ ಪಾಲಿಗೆ ಹೋದದ್ದು, ಬಿಡುವು. ಅಕ್ಷರ ಬದಲಿಸಿದರೆ ಲೆಕ್ಕವೂ ಬದಲು. ‘ಆರ್’ ಎಂದರೆ ಮೆಮೊರಿ, ‘ಕ್ಯೂ’ ಎಂದರೆ ಸರದಿಯಲ್ಲಿ ನಿಂತ ಕೆಲಸಗಳು, ‘ಡಿ’ ಎಂದರೆ ಡಿಸ್ಕ್, ‘ಎನ್’ ಎಂದರೆ ನೆಟ್‌ವರ್ಕ್.

ಎಂಟರ್ ಒತ್ತಿದ್ದೇ ಸಾಲುಗಳು ಸುರಿದು ಮೇಲಕ್ಕೆ ಓಡಿಹೋಗುತ್ತವೆ. 144 ಸಾಲು, ಒಂದೊಂದರಲ್ಲಿ ಆರು ಅಂಕಿ, ಒಂದೊಂದಕ್ಕೂ ಎರಡು ದಶಮಾಂಶ ಸ್ಥಾನ. 97.42, 97.38, 96.91, 97.40. ಕಣ್ಣು ಹತ್ತು ಸಾಲು ಓದುತ್ತದೆ, ಇಪ್ಪತ್ತನೆಯದಕ್ಕೆ ಸೋಲುತ್ತದೆ, ಆಮೇಲೆ ಓದಿದಂತೆ ನಟಿಸುತ್ತದೆ. ಎಲ್ಲಕ್ಕಿಂತ ಕೊನೆಗೆ ಸಾರ್ ‘ಸರಾಸರಿ’ ಎಂದು ಒಂದು ಸಾಲು ಕೊಡುತ್ತದೆ. ದಣಿದ ಕಣ್ಣು ಅದನ್ನೇ ಹಿಡಿದುಕೊಳ್ಳುತ್ತದೆ: ದಿನದ ಸರಾಸರಿ ಬಿಡುವು ಶೇಕಡಾ 81. ಸರಿ, ಯಂತ್ರ ಆರಾಮಾಗಿದೆ!

ಇಲ್ಲೇ ಅಪಾಯ. ಇಡೀ ದಿನ ಒಂದೇ ಸಮನೆ ಶೇಕಡಾ 19ರಷ್ಟು ದುಡಿದ ಯಂತ್ರದ ಸರಾಸರಿಯೂ ಅದೇ. ಇಪ್ಪತ್ತು ಗಂಟೆ ಹೆಚ್ಚುಕಡಿಮೆ ಸುಮ್ಮನಿದ್ದು ನಾಲ್ಕು ಗಂಟೆ ಉಸಿರುಗಟ್ಟಿದ ಯಂತ್ರದ ಸರಾಸರಿಯೂ ಅದೇ ಇರಬಹುದು. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೊಂಬ್ 1973ರಲ್ಲಿ ಇದನ್ನೇ ಮನಗಾಣಿಸಲು ನಾಲ್ಕು ಅಂಕಿ ಗುಂಪುಗಳನ್ನು ಹೊಸೆದುಕೊಟ್ಟರು. ಒಂದೊಂದರಲ್ಲಿ ಹನ್ನೊಂದು ಜೋಡಿ. ನಾಲ್ಕಕ್ಕೂ ಒಂದೇ ಸರಾಸರಿ, ಹೆಚ್ಚುಕಡಿಮೆ ಒಂದೇ ಹರವು, ಒಂದೇ ಪರಸ್ಪರ ಸಂಬಂಧದ ಅಳತೆ. ಕಾಗದದ ಮೇಲೆ ಚುಕ್ಕಿಯಿಟ್ಟಾಗ ಮಾತ್ರ ನಿಜ ಗೊತ್ತಾಗುತ್ತದೆ: ಒಂದು ಚದುರಿದ ಚುಕ್ಕಿಗಳು, ಒಂದು ನುಣುಪಾದ ಕಮಾನು, ಒಂದು ನೇರ ಗೆರೆಯಿಂದ ಸಿಡಿದ ಒಂಟಿ ಚುಕ್ಕಿ, ಒಂದು ಲಂಬವಾಗಿ ನಿಂತ ಕಂಬ. ಲೆಕ್ಕ ಹಾಕುವ ಮೊದಲು ನೋಡಿ ಎಂಬುದೇ ಅವರ ಪಾಠ.

ಕಾಲವನ್ನು ಅಡ್ಡಕ್ಕೆ, ಅಳತೆಯನ್ನು ಉದ್ದಕ್ಕೆ ಇಟ್ಟು ವ್ಯಾಪಾರದ ಏರಿಳಿತವನ್ನು ಗೆರೆಯಲ್ಲಿ ತೋರಿಸಿದ ಪುಸ್ತಕವನ್ನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಹೊರತಂದದ್ದು 1786ರಲ್ಲಿ. ಸರಿಯಾಗಿ ಇನ್ನೂರು ವರ್ಷಕ್ಕೆ, 1986ರಲ್ಲಿ, ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ ‘ನ್ಯೂಪ್ಲಾಟ್’ ಎಂಬ ಪ್ರೋಗ್ರಾಂ ಬರೆದರು. ಅಂಕಿಗಳ ಕಡತ ಕೊಟ್ಟು ‘ಪ್ಲಾಟ್’ ಎಂದರೆ ಸಾಕು, ಗೆರೆ ಎಳೆದುಕೊಡುತ್ತದೆ. ಇಂದಿಗೂ ವಿಜ್ಞಾನಿಗಳು, ಎಂಜಿನಿಯರುಗಳು ಅದನ್ನು ಬಳಸುತ್ತಾರೆ. ಸಾರ್ ಅಂಕಿ ಬರೆದಿಡುತ್ತದೆ, ನ್ಯೂಪ್ಲಾಟ್ ಗೆರೆ ಎಳೆಯುತ್ತದೆ. ಇವೆರಡರ ನಡುವೆ ಬೇಕಾಗಿರುವುದು ಒಂದು ದಾರಿ.

ಚಿತ್ರ ಮೂಡುವ ಬಗೆ

ಆ ದಾರಿಯೂ ಸಿಸ್‌ಸ್ಟ್ಯಾಟ್ ಕಟ್ಟಿನೊಳಗೇ ಇದೆ. ಅದರ ಹೆಸರು ‘ಎಸ್‌ಎಡಿಎಫ್’. ಸಾರ್ ಮನುಷ್ಯರ ಕಣ್ಣಿಗೆ ಓರಣವಾಗಿ ಜೋಡಿಸುವ ಅದೇ ಲೆಕ್ಕವನ್ನು ಇದು ಬೇರೆ ಪ್ರೋಗ್ರಾಂಗಳ ಬಾಯಿಗೆ ಒಗ್ಗುವಂತೆ ಬಡಿಸುತ್ತದೆ. ‘ಡಿ’ ಆಯ್ಕೆ ಕೊಟ್ಟರೆ ಪ್ರತಿ ಅಂಕಿಯ ನಡುವೆ ಒಂದು ಅರ್ಧವಿರಾಮ ಹಾಕಿಕೊಡುತ್ತದೆ. ಮೊದಲು ಯಂತ್ರದ ಹೆಸರು, ನಂತರ ಹಿಂದಿನ ಓದಿನಿಂದ ಈಚೆಗೆ ಕಳೆದ ಸೆಕೆಂಡುಗಳು, ನಂತರ ತಾರೀಖು-ಗಂಟೆ, ಪ್ರೊಸೆಸರಿನ ಸಂಖ್ಯೆ, ಆಮೇಲೆ ಆರು ಶೇಕಡಾವಾರುಗಳು. ಸೆಕೆಂಡುಗಳ ಜಾಗದಲ್ಲಿ 600, 600, 599, 601 ಎಂದು ಕಾಣುವಾಗ ಎಸ್‌ಎಡಿಸಿಯ ನಿಷ್ಠೆಗೆ ತಲೆದೂಗಬೇಕು. ಯಾರೂ ನೋಡದ ನಡುರಾತ್ರಿಯಲ್ಲೂ ಅದು ಒಂದು ಸೆಕೆಂಡಿನ ಆಚೀಚೆಗೆ ಎದ್ದಿದೆ.

ಇನ್ನು ಪೈಪು. ಕೀಲಿಮಣೆಯಲ್ಲಿನ ನೆಟ್ಟನೆಯ ಗೆರೆ ಅದರ ಗುರುತು. ಒಂದು ಪ್ರೋಗ್ರಾಮಿನ ಉತ್ತರವನ್ನು ನೇರವಾಗಿ ಇನ್ನೊಂದರ ಬಾಯಿಗೆ ಹರಿಸುವ ಈ ಉಪಾಯ ಡಗ್ ಮೆಕಿಲ್ರಾಯ್ ಅವರದು. 1973ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನು ಯುನಿಕ್ಸ್‌ನೊಳಗೆ ಕಟ್ಟಿದವರು ಕೆನ್ ಥಾಂಪ್ಸನ್. ಎಡಗಡೆ ಎಸ್‌ಎಡಿಎಫ್, ನಡುವೆ ಆ ನೆಟ್ಟನೆಯ ಗೆರೆ, ಬಲಗಡೆ ನ್ಯೂಪ್ಲಾಟ್. ನ್ಯೂಪ್ಲಾಟ್‌ಗೆ ಹೇಳಬೇಕಾದದ್ದು ಕೆಲವೇ ಮಾತು: ಅಂಕಿಗಳ ನಡುವಿನ ಬೇಲಿ ಅರ್ಧವಿರಾಮ, ಅಡ್ಡಗೆರೆಯಲ್ಲಿ ಕಾಲ, ಕಾಲವನ್ನು ಬರೆದ ರೀತಿ ವರ್ಷ-ತಿಂಗಳು-ದಿನ, ಗಂಟೆ-ನಿಮಿಷ-ಸೆಕೆಂಡು, ಮೂರನೆಯ ಅಂಕಣಕ್ಕೆ ಹತ್ತನೆಯದನ್ನು ಎದುರಿಟ್ಟು ಗೆರೆ ಎಳೆ. ಹತ್ತನೆಯದು ಬಿಡುವಿನ ಅಂಕಿ. ನೂರರಿಂದ ಅದನ್ನು ಕಳೆಯಲು ಹೇಳಿದರೆ ದುಡಿಮೆಯ ಗೆರೆ ಸಿಗುತ್ತದೆ. ಎಸ್‌ಎಡಿಎಫ್ ಕೊಡುವ ತಲೆಸಾಲು ಹ್ಯಾಶ್ ಗುರುತಿನಿಂದ ಶುರುವಾಗುತ್ತದೆ; ಅಂಥ ಸಾಲನ್ನು ನ್ಯೂಪ್ಲಾಟ್ ತಾನಾಗಿಯೇ ಬಿಟ್ಟು ಮುಂದೆ ಹೋಗುತ್ತದೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶದಲ್ಲಿ ಕೂತು ಬರೆದವರ ಕೆಲಸಗಳು ಇಷ್ಟು ಸಲೀಸಾಗಿ ಕೈ ಹಿಡಿಯುವುದನ್ನು ನೋಡುವುದೇ ಒಂದು ಸಂತೋಷ.

ಚಿತ್ರವನ್ನು ಎಲ್ಲಿ ಬರೆಯಬೇಕು ಎಂಬುದೂ ನಮ್ಮಿಷ್ಟ. ಪಿಎನ್‌ಜಿ ಚಿತ್ರ ಬೇಕೆಂದರೆ ಅದು. ಟರ್ಮಿನಲ್ ‘ಡಂಬ್’ ಎಂದರೆ ಕೀಲಿಮಣೆಯ ಅಕ್ಷರಗಳಿಂದಲೇ ಚಿತ್ರ ಹೊಸೆದುಕೊಡುತ್ತದೆ: ಮೂಲೆಗಳಲ್ಲಿ ಅಧಿಕ ಚಿಹ್ನೆ, ಅಂಚಿಗೆ ಸಣ್ಣ ಅಡ್ಡಗೀಟುಗಳು, ಮೊದಲ ಗೆರೆ ನಕ್ಷತ್ರದಲ್ಲಿ, ಎರಡನೆಯದು ಹ್ಯಾಶ್‌ನಲ್ಲಿ. ಬೇರೆ ಅಳತೆ ಹೇಳದಿದ್ದರೆ 79 ಅಕ್ಷರ ಅಗಲ, 24 ಸಾಲು ಎತ್ತರ. ಅಂದರೆ ಇಡೀ ದಿನದ ಚಿತ್ರ ಎರಡು ಸಾವಿರ ಅಕ್ಷರವನ್ನೂ ಮುಟ್ಟುವುದಿಲ್ಲ. ರೈಲಿನಲ್ಲಿ ಕೂತು ಫೋನಿನ ಒಂದು ಗೀಟು ಸಿಗ್ನಲ್‌ನಲ್ಲಿ ದೂರದ ಯಂತ್ರಕ್ಕೆ ಕೈ ಚಾಚಿದವರಿಗೂ ಅದು ತಲುಪುತ್ತದೆ. ಸಕಲೇಶಪುರದ ಘಾಟಿಯಲ್ಲಿ ಗಾಡಿ ಸುರಂಗದಿಂದ ಹೊರಬಿದ್ದ ಕ್ಷಣಮಾತ್ರದ ಬೆಳಕಿನಲ್ಲಿ ವೆಬ್ ಪುಟ ತೆರೆದುಕೊಳ್ಳಲಾರದು. ಈ ಗೆರೆ ಬಂದು ಬೀಳುತ್ತದೆ.

ನ್ಯೂಪ್ಲಾಟ್ ಇಲ್ಲದ ಯಂತ್ರದಲ್ಲೂ ಕೈಚೆಲ್ಲಬೇಕಿಲ್ಲ. ಹೊಸ ಆವೃತ್ತಿಯ ಎಸ್‌ಎಡಿಎಫ್‌ಗೆ ‘ಜಿ’ ಆಯ್ಕೆ ಕೊಟ್ಟರೆ ಅದು ತಾನೇ ಎಸ್‌ವಿಜಿ ರೂಪದ ಚಿತ್ರ ಬರೆದುಕೊಡುತ್ತದೆ. ಆ ಕಡತವನ್ನು ಬ್ರೌಸರ್‌ನಲ್ಲಿ ತೆರೆದರೆ ಕಪ್ಪು ಹಿನ್ನೆಲೆಯ ಮೇಲೆ ಬಣ್ಣಬಣ್ಣದ ಗೆರೆಗಳು; ಎಲ್ಲ ಲೆಕ್ಕವನ್ನೂ ಕೇಳಿದ್ದರೆ ಪ್ರೊಸೆಸರ್ ಕೆಳಗೆ ಮೆಮೊರಿ, ಮೆಮೊರಿ ಕೆಳಗೆ ಡಿಸ್ಕ್, ಒಂದರ ಕೆಳಗೊಂದು ಸಾಲಾಗಿ ಇಳಿಯುತ್ತವೆ.

ಐದೂವರೆ ಗಂಟೆಯ ಅಂತರ

ನಮ್ಮ ದೇಶದಲ್ಲಿ ಮೊದಲ ಸಲ ಹೀಗೆ ಗೆರೆ ಎಳೆದವರು ಪರದೆ ನೋಡಿ ತಬ್ಬಿಬ್ಬಾಗುವುದುಂಟು. ಬೆಳಗಿನ ಜಾವ ನಾಲ್ಕಕ್ಕೇ ಕಚೇರಿ ತೆರೆದಿದೆ! ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಊಟಕ್ಕೆ ಎದ್ದಿದ್ದಾರೆ. ಎರಡು ಗಂಟೆಗೆ ಓಡಬೇಕಿದ್ದ ಬ್ಯಾಕಪ್ ಹಿಂದಿನ ರಾತ್ರಿ ಎಂಟೂವರೆಗೇ ಶುರುವಾಗಿದೆ. ಸಾರ್ ತೋರಿಸುವುದು ಯಂತ್ರವಿರುವ ಊರಿನ ಗಂಟೆ. ಎಸ್‌ಎಡಿಎಫ್ ಹೇಳದೆ ಕೇಳದೆ ಕೊಡುವುದು ಅಂತರರಾಷ್ಟ್ರೀಯ ಪ್ರಮಾಣ ಸಮಯ. ನಮಗೂ ಅದಕ್ಕೂ ಐದೂವರೆ ಗಂಟೆ ಅಂತರ. ದೊಡ್ಡಕ್ಷರದ ‘ಟಿ’ ಸೇರಿಸಿದರೆ ಇಡೀ ಚಿತ್ರ ಬಲಕ್ಕೆ ಸರಿದು ನಮ್ಮ ಗಡಿಯಾರಕ್ಕೆ ಹೊಂದಿಕೊಳ್ಳುತ್ತದೆ.

ಬೆಂಗಳೂರಿನಂಥ ಊರಿನಲ್ಲಿ ಇದು ದೊಡ್ಡ ಸಂಗತಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ ರಾತ್ರಿ ಪಾಳಿಯವರು ನೋಡಿಕೊಳ್ಳುವುದು ಬಹುಪಾಲು ಬೇರೆ ಖಂಡದ ಯಂತ್ರಗಳನ್ನು. ಕ್ಯಾಬ್ ಇಳಿದು, ಗುರುತಿನ ಚೀಟಿ ತೋರಿಸಿ, ಕಾಫಿ ಯಂತ್ರದ ಮುಂದೆ ನಿಂತು ಲೋಟ ಹಿಡಿದು ಬಂದು ಕೂರುವ ಹೊತ್ತಿಗೆ ಇಲ್ಲಿ ಊರು ಮನೆಗೆ ಮರಳುತ್ತಿರುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗಷ್ಟೇ ಕಚೇರಿಗಳಿಗೆ ಜನ ಬಂದಿರುತ್ತಾರೆ. ಪರದೆಯ ಮೇಲೆ ಅಲ್ಲಿನ ಬೆಳಗಿನ ಗುಡ್ಡ ಏಳುತ್ತಿರುತ್ತದೆ. ಆ ಯಂತ್ರದ ಕಡತವನ್ನು ಇಲ್ಲಿಗೆ ತರಿಸಿಕೊಂಡು ಗೆರೆ ಎಳೆಯುವಾಗ ಸಣ್ಣಕ್ಷರದ ‘ಟಿ’ ಕೊಟ್ಟರೆ, ಕಡತ ಹುಟ್ಟಿದ ಊರಿನ ಗಂಟೆಯಲ್ಲೇ ಚಿತ್ರ ಬರುತ್ತದೆ. ಅಲ್ಲಿಯವರು ಫೋನಿನಲ್ಲಿ “ಹತ್ತು ಗಂಟೆಗೆ ನಿಧಾನವಾಯಿತು” ಎಂದಾಗ ಇಲ್ಲಿಯವರ ಬೆರಳೂ ಹತ್ತರ ಗುರುತಿನ ಮೇಲೆಯೇ ಇರಬೇಕು. ಗಂಟೆ ತಪ್ಪಿದರೆ ರೋಗವೂ ತಪ್ಪುತ್ತದೆ, ಮದ್ದೂ ತಪ್ಪುತ್ತದೆ.

ಗೆರೆ ಹೇಳಿಕೊಟ್ಟದ್ದು

ನಾನು ಹತ್ತಿರದಿಂದ ಕಂಡ ಒಂದು ಸಂದರ್ಭ ಹೇಳುತ್ತೇನೆ. ಒಂದು ಕಚೇರಿಯ ಲೆಕ್ಕಪತ್ರ ವಿಭಾಗದವರಿಗೆ ದಿನಾ ಹನ್ನೊಂದರ ಹೊತ್ತಿಗೆ ಬಿಲ್ಲು ತೆರೆಯುವುದೇ ಕಷ್ಟ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ, ಕೌಂಟರಿನ ಮುಂದೆ ಜನ ನಿಂತಿರುತ್ತಾರೆ. ಮೀಟಿಂಗಿನಲ್ಲಿ ತಲೆಗೊಂದು ಮಾತು. ನೆಟ್‌ವರ್ಕಿನ ದೋಷ ಎಂದರು ಒಬ್ಬರು. ಮೆಮೊರಿ ಹಾಕಿಸಬೇಕು ಎಂದರು ಇನ್ನೊಬ್ಬರು. ಹೊಸ ಸರ್ವರಿಗೇ ದರಪಟ್ಟಿ ತರಿಸೋಣ ಎಂಬಲ್ಲಿಗೆ ಮಾತು ಬಂದಿತ್ತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಹಿಂದಿನ ಐದು ದಿನದ ಕಡತಗಳನ್ನು ತೆಗೆದು ಗೆರೆ ಎಳೆದಳು.

ಪ್ರೊಸೆಸರಿನ ದುಡಿಮೆ ತಗ್ಗಿನಲ್ಲೇ ಇತ್ತು. ಮೆಮೊರಿಯ ಗೆರೆ ನೇರ. ಆದರೆ ಡಿಸ್ಕ್‌ಗಾಗಿ ಕಾಯುವ ಹೊತ್ತಿನ ಗೆರೆ ಐದೂ ದಿನ ಹನ್ನೊಂದಕ್ಕೆ ಎದ್ದು ಹನ್ನೊಂದೂವರೆಗೆ ಇಳಿದಿತ್ತು. ಅದೇ ಚೌಕದಲ್ಲಿ ಡಿಸ್ಕ್‌ನಿಂದ ಓದಿದ ಪ್ರಮಾಣವನ್ನು ಹ್ಯಾಶ್ ಗೆರೆಯಲ್ಲಿ ಸೇರಿಸಿದಳು. “ಮೇಡಂ, ಇಲ್ಲಿ ನೋಡಿ, ಎರಡೂ ಒಟ್ಟಿಗೇ ಏಳ್ತಿವೆ” ಎಂದಳು. ಹಿರಿಯ ಎಂಜಿನಿಯರ್ ಪರದೆಗೆ ಬಗ್ಗಿ, “ಹನ್ನೊಂದಕ್ಕೆ ಕ್ರಾನ್‌ನಲ್ಲಿ ಏನಿದೆ ನೋಡಮ್ಮ” ಎಂದರು. ಇತ್ತು. ವರ್ಷದ ವಹಿವಾಟನ್ನೆಲ್ಲ ಓದಿ ವರದಿ ತಯಾರಿಸುವ ಒಂದು ಕೆಲಸವನ್ನು ಯಾರೋ ಯಾವಾಗಲೋ, ಗೊತ್ತಾದ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಈ ಕ್ರಾನ್‌ನಲ್ಲಿ, ಹನ್ನೊಂದು ಗಂಟೆಗೆ ಹೊಂದಿಸಿ ಮರೆತಿದ್ದರು. ಅದನ್ನು ಬೆಳಗಿನ ಜಾವ ನಾಲ್ಕಕ್ಕೆ ಸರಿಸಿದರು. ಮರುದಿನದ ಚಿತ್ರದಲ್ಲಿ ಗುಡ್ಡ ನಾಲ್ಕು ಗಂಟೆಗೆ ಹೋಗಿ ಕೂತಿತ್ತು, ಹನ್ನೊಂದರಲ್ಲಿ ಬಯಲು. ದರಪಟ್ಟಿ ತರಿಸುವ ಮಾತು ಅಲ್ಲಿಗೆ ನಿಂತಿತು.

ಹೀಗೆ ಒಂದೊಂದು ಕಾಯಿಲೆಗೂ ಒಂದೊಂದು ಆಕಾರ. ಪ್ರೋಗ್ರಾಂ ಒಂದು ಪಡೆದ ಮೆಮೊರಿಯನ್ನು ಹಿಂದಿರುಗಿಸದೆ ಇಟ್ಟುಕೊಳ್ಳುತ್ತಿದ್ದರೆ ಬಳಕೆಯ ಗೆರೆ ದಿನದಿಂದ ದಿನಕ್ಕೆ ಓರೆಯಾಗಿ ಏರುತ್ತದೆ. ರಾತ್ರಿಯಲ್ಲೂ ಅದಕ್ಕೆ ಇಳಿಜಾರಿಲ್ಲ. ಒಂದು ಹಂತದಲ್ಲಿ ಸ್ವಾಪ್, ಅಂದರೆ ಮೆಮೊರಿ ಸಾಲದಾದಾಗ ಬಳಸುವ ಡಿಸ್ಕ್‌ನ ಜಾಗ, ಅದರ ಬಳಕೆಯ ಗೆರೆ ತಲೆಯೆತ್ತುತ್ತದೆ. ಕೊನೆಗೆ ಕರ್ನಲ್ ತಾನೇ ಯಾವುದಾದರೂ ಪ್ರೋಗ್ರಾಮನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಗೆರೆ ಬಂಡೆಯ ಅಂಚಿನಿಂದ ಬಿದ್ದಂತೆ ಕೆಳಗೆ. ಒಂದು ದಿನದ ಚಿತ್ರದಲ್ಲಿ ಈ ಓರೆ ಕಾಣುವುದೇ ಇಲ್ಲ. ವಾರದ ಕಡತಗಳನ್ನು ಸಾಲಾಗಿ ಕೂಡಿಸಿದಾಗ ಎದ್ದು ಕಾಣುತ್ತದೆ. ಯಂತ್ರ ಮರುಚಾಲನೆ ಆದದ್ದನ್ನೂ ಸಾರ್ ಮರೆಮಾಚುವುದಿಲ್ಲ. ‘ಲಿನಕ್ಸ್ ರೀಸ್ಟಾರ್ಟ್’ ಎಂದು ಪ್ರತ್ಯೇಕ ಸಾಲಿನಲ್ಲಿ ಗಂಟೆ ಸಮೇತ ಬರೆದಿಡುತ್ತದೆ. ವಿದ್ಯುತ್ ಹೋಗಿ ಯಂತ್ರ ಸತ್ತಿದ್ದ ಹೊತ್ತು, ಚುಕ್ಕಿಗಳಲ್ಲಿ ಚಿತ್ರ ಬರೆದಾಗ, ಖಾಲಿ ಜಾಗವಾಗಿ ಉಳಿಯುತ್ತದೆ.

ತಿಂಗಳಿನ ಚಿತ್ರಕ್ಕೆ ಬೇರೆಯದೇ ಚಂದ. ಲೆಕ್ಕಪರಿಶೋಧಕರ ಕಚೇರಿಯ ಸರ್ವರನ್ನು ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಜಿಎಸ್‌ಟಿಯ ಒಂದು ನಮೂನೆಗೆ 11ನೇ ತಾರೀಖು ಗಡುವು, ಇನ್ನೊಂದಕ್ಕೆ 20. ಗುಡ್ಡಗಳು ಆ ಎರಡು ತಾರೀಖುಗಳತ್ತ ಏರುತ್ತ ಬಂದು, ದಾಟಿದೊಡನೆ ಇಳಿಯುವುದು ಸಹಜ. ಭಾನುವಾರಗಳು ತಗ್ಗುಗಳು. ಆ ಲಯ ಗೊತ್ತಿದ್ದವರು 19ರ ರಾತ್ರಿ ಸರ್ವರಿನ ದುರಸ್ತಿಗೆ ಕೈ ಹಾಕುವುದಿಲ್ಲ.

ಗೆರೆ ಮುಚ್ಚಿಡುವುದು

ಗೆರೆಯನ್ನು ಪ್ರೀತಿಸುವವರು ಅದರ ಮಿತಿಯನ್ನೂ ಬಲ್ಲವರಾಗಿರಬೇಕು. ಪ್ರತಿ ಚುಕ್ಕಿಯೂ ಹತ್ತು ನಿಮಿಷದ ಸರಾಸರಿ. ಆ ಹತ್ತು ನಿಮಿಷದಲ್ಲಿ ಯಂತ್ರ ಮೂವತ್ತು ಸೆಕೆಂಡು ಪೂರ್ತಿ ಸಿಕ್ಕಿಬಿದ್ದು ಉಳಿದ ಹೊತ್ತು ಸುಮ್ಮನಿದ್ದರೆ ಚಿತ್ರದಲ್ಲಿ ಕಾಣುವುದು ಶೇಕಡಾ 5 ಮಾತ್ರ. ಟಿಕೆಟ್ ಕೌಂಟರಿನ ಮುಂದೆ ಮೂವತ್ತು ಸೆಕೆಂಡು ಕಾದವರ ಸಿಟ್ಟು ಆ 5ರಲ್ಲಿ ಇಲ್ಲ. ಅಂಥ ಅನುಮಾನವಿರುವ ಕಡೆ ಎಸ್‌ಎಡಿಸಿಯನ್ನು ಎಬ್ಬಿಸುವ ಟೈಮರನ್ನು ಒಂದು ನಿಮಿಷಕ್ಕೆ ಇಳಿಸಬೇಕು. ದಿನಕ್ಕೆ 1,440 ಚುಕ್ಕಿ ಸಿಗುತ್ತದೆ.

ನಾಲ್ಕು ಕೋರ್‌ಗಳ ಪ್ರೊಸೆಸರಿನಲ್ಲಿ ಒಂದು ಕೋರ್ ಪೂರ್ತಿ ದಣಿದು ಮೂರು ಖಾಲಿ ಕೂತಿದ್ದರೆ ಒಟ್ಟು ಲೆಕ್ಕ ಶೇಕಡಾ 25 ಎನ್ನುತ್ತದೆ. ಒಂದೇ ಕೋರ್ ಬಳಸಬಲ್ಲ ಹಳೆಯ ಪ್ರೋಗ್ರಾಂ ಅಲ್ಲಿ ಪರದಾಡುತ್ತಿರಬಹುದು. ಕೋರ್‌ಗೊಂದು ಗೆರೆ ಎಳೆದರೆ ಒಂದು ಮಾತ್ರ ಚಾವಣಿಗೆ ಅಂಟಿಕೊಂಡಿರುವುದು ಕಾಣುತ್ತದೆ. ಮೆಮೊರಿಯಲ್ಲಿ ‘ಖಾಲಿ’ ಎಂಬ ಅಂಕಿ ತೀರ ಕಡಿಮೆಯಿರುವುದನ್ನು ನೋಡಿ ಗಾಬರಿಯಾಗುವವರು ಬಹಳ. ಲಿನಕ್ಸ್ ಬಿಡುವಿರುವ ಮೆಮೊರಿಯಲ್ಲಿ ಡಿಸ್ಕ್‌ನ ಕಡತಗಳ ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ, ಬೇಕೆಂದಾಗ ತೆರವು ಮಾಡಿಕೊಡುತ್ತದೆ. ಗೆರೆ ಎಳೆಯಬೇಕಾದದ್ದು ‘ಲಭ್ಯ’ ಎಂಬ ಅಂಕಣಕ್ಕೆ. ಸರದಿಯ ಲೆಕ್ಕವೂ ಹೀಗೆಯೇ: ಲಿನಕ್ಸ್‌ನಲ್ಲಿ ಲೋಡ್ ಸರಾಸರಿಗೆ ಪ್ರೊಸೆಸರಿಗಾಗಿ ನಿಂತ ಕೆಲಸಗಳ ಜೊತೆ, ಡಿಸ್ಕ್‌ನಿಂದ ಉತ್ತರ ಬರುವವರೆಗೆ ಅಲುಗಾಡಲಾರದ ಕೆಲಸಗಳೂ ಸೇರುತ್ತವೆ. ಲೋಡ್ ಮುಗಿಲಿಗೇರಿ ಪ್ರೊಸೆಸರ್ ಖಾಲಿಯಿದ್ದರೆ ಡಿಸ್ಕ್‌ನ ಗೆರೆ ಎಳೆದು ನೋಡಬೇಕು. ಒಂದು ಗೆರೆ ಪ್ರಶ್ನೆ ಕೇಳುತ್ತದೆ. ಉತ್ತರ ಇನ್ನೊಂದು ಗೆರೆಯಲ್ಲಿ ಇರುತ್ತದೆ.

ಸಣ್ಣ ಜಾಗಗಳಿಗಾಗಿ

ದೊಡ್ಡ ಸಂಸ್ಥೆಗಳಲ್ಲಿ ಪ್ರೊಮಿಥಿಯಸ್, ಗ್ರಫಾನದಂಥ ಸಾಧನಗಳು ಸಾವಿರಾರು ಯಂತ್ರಗಳ ಚಿತ್ರವನ್ನು ಗೋಡೆಯಗಲದ ಪರದೆಗಳಲ್ಲಿ ತೋರಿಸುತ್ತವೆ. ಅವು ಇರಬೇಕಾದ ಕಡೆ ಇರಲಿ. ನನಗೆ ಕಳಕಳಿ ಇರುವುದು ಒಂಟಿ ಸರ್ವರುಗಳ ಬಗ್ಗೆ. ರಾಜ್ಯದ ಅನೇಕ ಕಾಲೇಜು ಗ್ರಂಥಾಲಯಗಳು ‘ಕೋಹಾ’ ಎಂಬ ಮುಕ್ತ ತಂತ್ರಾಂಶದಲ್ಲಿ ಪುಸ್ತಕಗಳ ಲೆಕ್ಕ ಇಡುತ್ತವೆ. ಅದು ನಡೆಯುವುದು ಲಿನಕ್ಸ್ ಮೇಲೆ. ಗ್ರಂಥಪಾಲಕರ ಮೇಜಿನ ಕೆಳಗೋ, ಕಪಾಟಿನ ಪಕ್ಕದಲ್ಲೋ ಬಟ್ಟೆ ಹೊದ್ದು ಕೂತ ಒಂದು ಡಬ್ಬ. ಅದನ್ನು ನೋಡಿಕೊಳ್ಳುವವರು ಪಾಠವನ್ನೂ ಮಾಡಬೇಕು, ಪರೀಕ್ಷೆಯನ್ನೂ ನಡೆಸಬೇಕು. ಸಹಕಾರ ಸಂಘಗಳಲ್ಲಿ, ಸಣ್ಣ ಮುದ್ರಣಾಲಯಗಳಲ್ಲಿ, ಆಸ್ಪತ್ರೆಗಳ ನೋಂದಣಿ ಕೌಂಟರುಗಳ ಹಿಂದೆ ಇಂಥ ಡಬ್ಬಗಳಿವೆ. ಇವು ಕೆಟ್ಟ ದಿನ ನಿಲ್ಲುವುದು ಸಾಮಾನ್ಯ ಜನರ ಸಾಲು. ಇಂಥ ಕಡೆ ಮತ್ತೊಂದು ಸರ್ವರ್ ಕೊಂಡು ಉಸ್ತುವಾರಿ ವ್ಯವಸ್ಥೆ ಕಟ್ಟುವುದು ಆಗದ ಮಾತು. ಸಿಸ್‌ಸ್ಟ್ಯಾಟ್‌ಗೆ ದುಡ್ಡಿಲ್ಲ, ನ್ಯೂಪ್ಲಾಟ್‌ಗೂ ದುಡ್ಡಿಲ್ಲ. ಇಂಟರ್ನೆಟ್ ಇಲ್ಲದ ಕೋಣೆಯಲ್ಲೂ ಎರಡೂ ಕೆಲಸ ಮಾಡುತ್ತವೆ.

ಕಷ್ಟವಿರುವುದು ಒಂದೇ. ಯಂತ್ರ ಕೆಟ್ಟ ಮೇಲೆ ಎಲ್ಲರೂ ಗೆರೆ ಕೇಳುತ್ತಾರೆ. ಕೆಡುವ ಮೊದಲಿನ ದಿನಗಳನ್ನು ಬರೆದಿಟ್ಟಿರದಿದ್ದರೆ ಎಳೆಯಲು ಅಂಕಿಯೇ ಇರುವುದಿಲ್ಲ. ಇಂದಿನ ಗುಡ್ಡ ದೊಡ್ಡದೋ ಸಣ್ಣದೋ ಹೇಳಬೇಕಾದರೆ ಆರೋಗ್ಯವಂತ ದಿನಗಳ ಗುಡ್ಡ ಎಷ್ಟಿತ್ತು ಎಂದು ಕೈಯಲ್ಲಿ ಇರಬೇಕು. ಪ್ರತಿ ಯಂತ್ರಕ್ಕೂ ತನ್ನದೇ ಲಯವಿದೆ. ಒಂದಕ್ಕೆ ಶೇಕಡಾ 70 ನಿತ್ಯದ ಉಸಿರು, ಇನ್ನೊಂದಕ್ಕೆ 30 ಕೂಡ ಜ್ವರ.

ಆದ್ದರಿಂದ ನಿಮ್ಮ ಕೈಯಲ್ಲಿ ಒಂದಾದರೂ ಲಿನಕ್ಸ್ ಸರ್ವರ್ ಇದ್ದರೆ, ಈ ವಾರವೇ ಸಿಸ್‌ಸ್ಟ್ಯಾಟ್ ಹಾಕಿ. ಡೆಬಿಯನ್, ಉಬುಂಟುಗಳಲ್ಲಿ ಹಾಕಿದಷ್ಟಕ್ಕೇ ಅದು ಬರೆಯಲು ಶುರು ಮಾಡದೆ ಇರಬಹುದು. ಅದರ ಸೆಟ್ಟಿಂಗ್ ಕಡತದಲ್ಲಿ ‘ಎನೇಬಲ್ಡ್’ ಎಂಬುದರ ಮುಂದೆ ‘ಟ್ರೂ’ ಎಂದಿದೆಯೇ ನೋಡಿಕೊಳ್ಳಿ. ಡೆಬಿಯನ್ ಬಳಗದಲ್ಲಿ ಸಾಮಾನ್ಯವಾಗಿ ಏಳು ದಿನದ, ರೆಡ್ ಹ್ಯಾಟ್ ಬಳಗದಲ್ಲಿ 28 ದಿನದ ಕಡತಗಳಷ್ಟೇ ಉಳಿಯುತ್ತವೆ; ‘ಹಿಸ್ಟರಿ’ ಎಂಬ ಸಾಲಿನ ಅಂಕಿ ಹೆಚ್ಚಿಸಿದರೆ ತಿಂಗಳುಗಟ್ಟಲೆ ಇಟ್ಟುಕೊಳ್ಳಬಹುದು. ನಂತರ ಯಾವ ತೊಂದರೆಯೂ ಇಲ್ಲದ ಒಂದು ದಿನ ನೋಡಿ, ಆ ದಿನದ ಗೆರೆ ಎಳೆದು, ತಾರೀಖು ಬರೆದು, ಯಂತ್ರ ನೋಡಿಕೊಳ್ಳುವ ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಮುಂದೆ ದೂರು ಬಂದ ದಿನ ಚರ್ಚೆ ಶುರುವಾಗಬೇಕಾದದ್ದು ಆ ಹಾಳೆಯಿಂದ.